ಕರಾವಳಿಯಲ್ಲಿ ಮನೆ ನಿರ್ಮಾಣ: ಗಾಳಿ, ಬೆಳಕು ಮತ್ತು ಅಂಗಳಕ್ಕೆ ನಕ್ಷೆಯಲ್ಲಿಯೇ ಸ್ಥಳ

ಕರ್ನಾಟಕದ ಕರಾವಳಿಯು ಉಷ್ಣವಲಯದ ಆರ್ದ್ರ ಹವಾಗುಣವನ್ನು ಹೊಂದಿರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಅಧಿಕ ಮಳೆಯಾಗುತ್ತಿದ್ದು, ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಸುರಿಯುತ್ತದೆ. ಬೇಸಿಗೆಯಲ್ಲಿ ಬಿಸಿಲಿನ ಜೊತೆಗೆ ಸೆಕೆಯೂ ಬಾಧಿಸುತ್ತದೆ. ಆದುದರಿಂದ ಮನೆಯನ್ನು ಮಳೆಗೆ ಮುಚ್ಚಿ, ಗಾಳಿಗೆ ತೆರೆದಿಡುವುದು ಇಲ್ಲಿನ ವಿನ್ಯಾಸದ ಮೂಲತತ್ತ್ವವಾಗಿರುತ್ತದೆ.

ಇಳಿಜಾರು ಮಾಡು, ಮುಂಚಾಚಿದ ಸೂರು, ಜಗಲಿ ಹಾಗೂ ನಡುವಿನ ಅಂಗಳ ಇವು ಈ ಭಾಗದ ಹಳೆಯ ಮನೆಗಳ ಲಕ್ಷಣಗಳು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದ ನಂತರ ಹೆಂಚಿನ ಛಾವಣಿಯು ವ್ಯಾಪಕವಾಯಿತು. ಹೆಂಚುಗಳ ಸಂದುಗಳಿಂದ ಬಿಸಿಗಾಳಿಯು ಹೊರಹೋಗುತ್ತದೆ. ಕಾಂಕ್ರೀಟ್ ತಾರಸಿಯಾದರೋ ಹಗಲಿನ ಶಾಖವನ್ನು ಹೀರಿಕೊಂಡು ರಾತ್ರಿ ಒಳಗೆ ಬಿಡುತ್ತದೆ.

ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವ ಮುನ್ನ ಅರ್ಜಿದಾರರು ಗಮನಿಸಬೇಕಾದ ಅಂಶಗಳು:

1. ಅಂಗಳ: ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಈ ಲೆಕ್ಕದಂತೆ 3 ಮೀಟರ್ ಉದ್ದ, 3 ಮೀಟರ್ ಅಗಲದ ತೆರೆದ ಅಂಗಳಕ್ಕೆ ವರ್ಷಕ್ಕೆ 31,500 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅಂಗಳದ ನೆಲವು ಕೋಣೆಗಳ ನೆಲಕ್ಕಿಂತ ತಗ್ಗಾಗಿದ್ದು, ನೀರು ಹರಿದುಹೋಗುವ ಮಾರ್ಗವನ್ನು ನಕ್ಷೆಯಲ್ಲಿ ತೋರಿಸತಕ್ಕದ್ದು. ಈ ವ್ಯವಸ್ಥೆಯಿಲ್ಲದಿದ್ದಲ್ಲಿ ನಿಂತ ನೀರಿನಲ್ಲಿ ಸೊಳ್ಳೆಗಳು ಬೆಳೆಯುತ್ತವೆ. ಕೊನೆಗೆ ಮನೆಯವರು ಅಂಗಳಕ್ಕೆ ಶೀಟು ಹೊದಿಸುತ್ತಾರೆ. ಆಗ ಗಾಳಿ ಬೆಳಕು ಕಡಿಮೆಯಾಗಿ, ಗೋಡೆಗಳು ತೇವಗೊಂಡು ಬೂಷ್ಟು ಹಿಡಿಯುತ್ತವೆ.

2. ಕಿಟಕಿ ಮತ್ತು ಜಗಲಿ: ಹಗಲಿನಲ್ಲಿ ಗಾಳಿಯು ಸಮುದ್ರದಿಂದ ನೆಲದ ಕಡೆಗೂ ರಾತ್ರಿ ನೆಲದಿಂದ ಸಮುದ್ರದ ಕಡೆಗೂ ಬೀಸುತ್ತದೆ. ಪೂರ್ವ ಪಶ್ಚಿಮಗಳಲ್ಲಿ ಎದುರುಬದುರಾಗಿ ಕಿಟಕಿಗಳಿದ್ದರೆ ಇದರ ಪ್ರಯೋಜನ ದೊರೆಯುತ್ತದೆ. ಆದರೆ ಸಂಜೆಯ ಬಿಸಿಲು ಮತ್ತು ಮುಂಗಾರಿನ ಎರಚಲು ಸಹ ಪಶ್ಚಿಮದಿಂದಲೇ ಬರುವುದರಿಂದ, ಆ ಬದಿಯಲ್ಲಿ ಅಗಲವಾದ ಜಗಲಿ ಹಾಗೂ ತಗ್ಗಾದ ಸೂರು ಅವಶ್ಯಕ.

3. ಮರಗಳು: ನಿವೇಶನದಲ್ಲಿರುವ ಮರಗಳನ್ನು ನಕ್ಷೆಯಲ್ಲಿ ಗುರುತಿಸಿ, ಸಾಧ್ಯವಿದ್ದಷ್ಟು ಉಳಿಸಿಕೊಳ್ಳುವುದು ಸೂಕ್ತ. ಪಶ್ಚಿಮದ ಮರವು ಗೋಡೆಗೆ ನೆರಳಾಗುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಲ್ಲಿ ವಿನಾಯಿತಿ ನೀಡಲಾದ ಜಾತಿಗಳನ್ನು ಹೊರತುಪಡಿಸಿ, ಇತರ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯವರ ಪೂರ್ವಾನುಮತಿ ಪಡೆಯಬೇಕಾಗಿರುತ್ತದೆ.

4. ಸೆಟ್‌ಬ್ಯಾಕ್: ಕಟ್ಟಡದ ಸುತ್ತ ಬಿಡುವ ಜಾಗವು ಕಿಟಕಿಗಳಿಗೆ ಗಾಳಿ ಒದಗಿಸುವ ಮಾರ್ಗವಾಗಿರುತ್ತದೆ. ಇದನ್ನು ನಂತರ ಉಗ್ರಾಣಕ್ಕಾಗಿ ಮುಚ್ಚಿದಲ್ಲಿ ಮಂಜೂರಾದ ನಕ್ಷೆಯ ಉಲ್ಲಂಘನೆಯಾಗುವುದಲ್ಲದೆ, ಕಿಟಕಿಗಳಿದ್ದೂ ಪ್ರಯೋಜನವಿಲ್ಲದಂತಾಗುತ್ತದೆ.

ಗೋಡೆಯ ಬಣ್ಣವನ್ನಾಗಲಿ, ನೆಲದ ಹಾಸನ್ನಾಗಲಿ ಯಾವಾಗ ಬೇಕಾದರೂ ಬದಲಾಯಿಸಬಹುದು. ಬಿಡದೆ ಹೋದ ಅಂಗಳವನ್ನು ಕಟ್ಟಿದ ಮನೆಯೊಳಗೆ ಮರಳಿ ಪಡೆಯುವುದು ದುಸ್ಸಾಧ್ಯ. ಆದ್ದರಿಂದ ಅರ್ಜಿದಾರರು ನಕ್ಷೆಗೆ ಸಹಿ ಮಾಡುವ ಮುನ್ನ, ತೆರೆದ ಜಾಗ ಎಲ್ಲಿದೆ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮಳೆನೀರು ಎಲ್ಲಿ ಹರಿಯುತ್ತದೆ ಎಂಬ ಮೂರು ವಿಷಯಗಳನ್ನು ನಕ್ಷೆ ತಯಾರಿಸಿದವರಿಂದ ಕೇಳಿ ಖಚಿತಪಡಿಸಿಕೊಳ್ಳುವುದು.