ಜರ್ಸಿ ಪ್ರಾಯೋಜಕತ್ವ ಮತ್ತು ದತ್ತಿ ಸಂಸ್ಥೆಗಳು

ಕ್ರೀಡಾ ತಂಡವೊಂದು ತನ್ನ ಆಟಗಾರರ ಜರ್ಸಿಯ ಮೇಲೆ ವಾಣಿಜ್ಯ ಕಂಪನಿಯ ಹೆಸರಿನ ಬದಲಿಗೆ, ಅಥವಾ ಅದರ ಜೊತೆಗೆ, ಸೇವಾ ಸಂಸ್ಥೆಯೊಂದರ ಹೆಸರನ್ನು ಪ್ರದರ್ಶಿಸಿ ಆ ಸಂಸ್ಥೆಗೆ ಬೆಂಬಲ ನೀಡುವ ಪದ್ಧತಿಯನ್ನು ದತ್ತಿ ಜರ್ಸಿ ಪ್ರಾಯೋಜಕತ್ವ ಎನ್ನಬಹುದು. ಸಾಮಾನ್ಯ ಪ್ರಾಯೋಜಕತ್ವದಲ್ಲಿ ಕಂಪನಿಯು ತಂಡಕ್ಕೆ ಹಣ ನೀಡುತ್ತದೆ. ಇಲ್ಲಿ ತಂಡವು ಆ ಆದಾಯವನ್ನು ಬಿಟ್ಟುಕೊಡುತ್ತದೆ. ಕೆಲವೊಮ್ಮೆ ತಾನೇ ಸಂಸ್ಥೆಗೆ ಹಣವನ್ನೂ ನೀಡುತ್ತದೆ.

ಹಿನ್ನೆಲೆ

ಜರ್ಮನಿಯ ಬುಂಡೆಸ್‌ಲೀಗಾದಲ್ಲಿ 1973ರಲ್ಲಿ ಐನ್‌ಟ್ರಾಕ್ಟ್ ಬ್ರೌನ್‌ಶ್ವೈಗ್ ತಂಡವು ಯೇಗರ್‌ಮೈಸ್ಟರ್ ಎಂಬ ಮದ್ಯದ ಲಾಂಛನವನ್ನು ಧರಿಸಿ ಆಡಿತು. ಮುಂದಿನ ದಶಕಗಳಲ್ಲಿ ಜರ್ಸಿಯ ಎದೆಭಾಗವು ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಪ್ರಮುಖ ಆದಾಯ ಮೂಲಗಳಲ್ಲಿ ಒಂದಾಯಿತು. ಪಂದ್ಯದ ಪ್ರಸಾರ, ಪತ್ರಿಕೆಗಳ ಛಾಯಾಚಿತ್ರ ಹಾಗೂ ಅಭಿಮಾನಿಗಳು ಕೊಳ್ಳುವ ಜರ್ಸಿಗಳ ಮೂಲಕ ಆ ಹೆಸರು ಲಕ್ಷಾಂತರ ಜನರನ್ನು ತಲುಪುವುದೇ ಇದಕ್ಕೆ ಕಾರಣ. ಜಾಹೀರಾತಿಗೆ ಹೆಚ್ಚು ಹಣ ವ್ಯಯಿಸಲಾಗದ ಸೇವಾ ಸಂಸ್ಥೆಗೆ ಈ ಸ್ಥಳ ದೊರೆಯುವುದು ದೊಡ್ಡ ನೆರವು.

ಬಾರ್ಸಿಲೋನಾ ಮತ್ತು ಯುನಿಸೆಫ್

1899ರಲ್ಲಿ ಸ್ಥಾಪನೆಯಾದ ಸ್ಪೇನಿನ ಎಫ್‌ಸಿ ಬಾರ್ಸಿಲೋನಾ ಒಂದು ಶತಮಾನಕ್ಕೂ ಹೆಚ್ಚು ಕಾಲ ತನ್ನ ಜರ್ಸಿಯ ಎದೆಭಾಗವನ್ನು ಯಾವ ಕಂಪನಿಗೂ ಮಾರಿರಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಕ್ಲಬ್ಬು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದರಂತೆ ಯುನಿಸೆಫ್ ಹೆಸರನ್ನು ಜರ್ಸಿಯ ಮೇಲೆ ಧರಿಸುವುದರ ಜೊತೆಗೆ, ವರ್ಷಕ್ಕೆ 15 ಲಕ್ಷ ಯೂರೋಗಳನ್ನು ಕ್ಲಬ್ಬೇ ಆ ಸಂಸ್ಥೆಗೆ ನೀಡಬೇಕಾಗಿತ್ತು. ಆರಂಭದ ನೆರವು ಆಫ್ರಿಕಾದ ಸ್ವಾಜಿಲ್ಯಾಂಡಿನಲ್ಲಿ (ಈಗಿನ ಎಸ್ವಾಟಿನಿ) ಎಚ್‌ಐವಿ ಪೀಡಿತ ಮಕ್ಕಳಿಗಾಗಿ ಬಳಕೆಯಾಯಿತು.

ಸಾಲದ ಹೊರೆಯಲ್ಲಿದ್ದ ಕ್ಲಬ್ಬು 2010ರ ಡಿಸೆಂಬರ್‌ನಲ್ಲಿ ಕತಾರ್ ಫೌಂಡೇಶನ್‌ನೊಡನೆ ಋತುವೊಂದಕ್ಕೆ ಸುಮಾರು 3 ಕೋಟಿ ಯೂರೋಗಳ ಒಪ್ಪಂದವನ್ನು ಪ್ರಕಟಿಸಿತು. ಕತಾರ್ ಫೌಂಡೇಶನ್ ಕೂಡ ಲಾಭರಹಿತ ಸಂಸ್ಥೆಯೇ. ಆದರೆ ಇಲ್ಲಿ ಹಣವು ಸಂಸ್ಥೆಯಿಂದ ಕ್ಲಬ್ಬಿಗೆ ಹರಿಯಿತು. 2011ರಿಂದ ಯುನಿಸೆಫ್ ಹೆಸರು ಜರ್ಸಿಯ ಬೆನ್ನಿನ ಕೆಳಭಾಗಕ್ಕೆ ಸರಿಯಿತು. 2013ರಲ್ಲಿ ಎದೆಯ ಮೇಲಿನ ಸ್ಥಳವು ಕತಾರ್ ಏರ್‌ವೇಸ್ ಎಂಬ ವಿಮಾನಯಾನ ಸಂಸ್ಥೆಯ ಪಾಲಾಯಿತು. 2022ರಿಂದ ಬೆನ್ನಿನ ಮೇಲೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲಾಂಛನ ಕಾಣಿಸಿಕೊಂಡಿತು.

ಆಸ್ಟನ್ ವಿಲ್ಲಾ ಮತ್ತು ಏಕಾರ್ನ್ಸ್

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ವಿಲ್ಲಾ ಕ್ಲಬ್ಬು 2008ರಿಂದ 2010ರವರೆಗಿನ ಎರಡು ಋತುಗಳಲ್ಲಿ ಏಕಾರ್ನ್ಸ್ ಎಂಬ ಸ್ಥಳೀಯ ಸಂಸ್ಥೆಯ ಹೆಸರನ್ನು ಯಾವುದೇ ಶುಲ್ಕ ಪಡೆಯದೆ ಎದೆಯ ಮೇಲೆ ಧರಿಸಿತು. ಗುಣವಾಗದ ಕಾಯಿಲೆಗಳಿಂದ ಬಳಲುವ ಮಕ್ಕಳಿಗೆ ಆರೈಕೆ ಹಾಗೂ ಅವರ ಕುಟುಂಬಗಳಿಗೆ ಆಸರೆ ನೀಡುವುದು ಈ ಸಂಸ್ಥೆಯ ಕಾರ್ಯ. 2010ರಲ್ಲಿ ಆ ಸ್ಥಳಕ್ಕೆ ಮತ್ತೆ ವಾಣಿಜ್ಯ ಪ್ರಾಯೋಜಕರು ಬಂದರು.

ಇತರ ವಿಧಾನಗಳು

ಬ್ರಿಟನ್ನಿನ ಫುಟ್‌ಬಾಲ್ ತಂಡಗಳು ನವೆಂಬರ್ ತಿಂಗಳಲ್ಲಿ ಯುದ್ಧಸ್ಮರಣೆಯ ಗಸಗಸೆ ಹೂವಿನ ಚಿಹ್ನೆಯುಳ್ಳ ಜರ್ಸಿಗಳನ್ನು ಧರಿಸಿ, ನಂತರ ಅವುಗಳನ್ನು ಹರಾಜು ಹಾಕಿ ಮಾಜಿ ಸೈನಿಕರ ನೆರವಿಗೆ ಹಣ ಸಂಗ್ರಹಿಸುತ್ತವೆ. ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡವಾದ ರಾಯಲ್ ಚಾಲೆಂಜರ್ಸ್ 2011ರಿಂದ ಸಾಮಾನ್ಯವಾಗಿ ಋತುವಿನ ಒಂದು ಪಂದ್ಯದಲ್ಲಿ ಹಸಿರು ಜರ್ಸಿ ಧರಿಸುತ್ತ ಬಂದಿದೆ. ಇದರ ಉದ್ದೇಶ ಪರಿಸರ ಜಾಗೃತಿಯಾಗಿದ್ದು, ಸಂಸ್ಥೆಯೊಂದಕ್ಕೆ ಪ್ರಾಯೋಜಕತ್ವದ ಸ್ಥಳ ನೀಡುವ ಕ್ರಮಕ್ಕಿಂತ ಭಿನ್ನವಾದುದು.

ಮಹತ್ವ ಮತ್ತು ಮಿತಿಗಳು

ಈ ಪದ್ಧತಿಯಿಂದ ಸಂಸ್ಥೆಗೆ ಪ್ರಚಾರ ದೊರೆತರೆ, ಕ್ಲಬ್ಬಿಗೆ ಸಾರ್ವಜನಿಕ ಗೌರವ ಲಭಿಸುತ್ತದೆ. ಆದರೆ ಹೆಸರು ಕಾಣಿಸಿಕೊಂಡ ಮಾತ್ರಕ್ಕೆ ಸಂಸ್ಥೆಗೆ ಹಣ ಸಂದಾಯವಾಯಿತೆಂದು ತಿಳಿಯಲಾಗದು. ಒಪ್ಪಂದದ ಬೆಲೆಯನ್ನು ಅರಿಯಲು ಮೂರು ಅಂಶಗಳನ್ನು ಗಮನಿಸಬೇಕಾಗುತ್ತದೆ: ಹಣ ಯಾರಿಂದ ಯಾರಿಗೆ ಹೋಗುತ್ತದೆ, ತಂಡವು ಎಷ್ಟು ಆದಾಯವನ್ನು ಬಿಟ್ಟುಕೊಟ್ಟಿದೆ, ಮತ್ತು ಒಪ್ಪಂದ ಎಷ್ಟು ಕಾಲ ನಡೆಯುತ್ತದೆ. ಬಾರ್ಸಿಲೋನಾದ ಉದಾಹರಣೆಯು ಆರ್ಥಿಕ ಒತ್ತಡ ಬಂದಾಗ ಎದೆಯ ಮೇಲಿನ ಸ್ಥಳವನ್ನು ಸೇವಾ ಸಂಸ್ಥೆಗೆ ಉಳಿಸಿಕೊಡುವುದು ಕಷ್ಟವೆಂಬುದನ್ನು ತೋರಿಸುತ್ತದೆ. ಆದಾಗ್ಯೂ ಹೆಸರು ಬೆನ್ನಿಗೆ ಸರಿದ ನಂತರವೂ ಯುನಿಸೆಫ್‌ನೊಂದಿಗಿನ ಅದರ ಸಹಭಾಗಿತ್ವ ಹಲವು ವರ್ಷ ಮುಂದುವರಿಯಿತು.