ಕೆಲಸಗಾರನ ಮಾತು, ಒಡೆಯನ ಕಿವಿ

ಬೀಳಗಿ ಸೀಮೆಯ ಎರೆಹೊಲದಲ್ಲಿ ಕರಕಿ ಬೇರೂರಿತೆಂದರೆ ಮರದ ನೇಗಿಲು ಅದನ್ನು ಕೆರೆದೀತೇ ಹೊರತು ಕೀಳಲಾರದು. ಈ ಸಂಕಟಕ್ಕೆ ಒದಗಿಬಂದ ಕಬ್ಬಿಣದ ನೇಗಿಲು ನಮ್ಮ ನೆರೆಯ ಬೆಳಗಾವಿಯಲ್ಲಿಯೇ 1903ರ ಸುಮಾರಿಗೆ ತಯಾರಾಯಿತೆಂಬುದನ್ನು ಇಂದಿನ ತರುಣರಲ್ಲಿ ಅನೇಕರು ಅರಿಯರು.

ಅದನ್ನು ಮಾಡಿದವರು ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು. ಮುಂಬಯಿಯಲ್ಲಿ ಶಿಕ್ಷಕರಾಗಿದ್ದಾಗ ತಮಗೆ ಸಲ್ಲಬೇಕಾದ ಬಡ್ತಿಯು ಆಂಗ್ಲೋ-ಇಂಡಿಯನ್ನನೊಬ್ಬನ ಪಾಲಾಗಲು, ನೌಕರಿಯನ್ನೇ ತ್ಯಜಿಸಿ ಬಂದವರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜುತ್ತಿದ್ದುದರಿಂದ ನೇಗಿಲುಗಳು ಬಹುಕಾಲ ಮಾರಾಟವಾಗದೆ ಬಿದ್ದಿದ್ದವು.

ನಮಗೆ ಆ ನೇಗಿಲಿಗಿಂತಲೂ ಹಿರಿದಾಗಿ ತೋರುವುದು ಅವರು ಜನರನ್ನು ಆಯ್ದ ಬಗೆ. ಈಗಿನ ಸಾಂಗಲಿ ಜಿಲ್ಲೆಯಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದಾಗ, ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಅನಂತರಾವ್ ಫಳಣೀಕರರು ಅಲ್ಲಿ ಕಲ್ಪನಾಶೀಲ ಇಂಜಿನಿಯರರಾದರು. ದರೋಡೆ ಮಾಡಿದ್ದವರು ನಂಬಿಗಸ್ತ ಕಾವಲುಗಾರರಾದರು. ಪ್ರಮಾಣಪತ್ರವನ್ನಾಗಲಿ ಹಿಂದಿನ ಕಳಂಕವನ್ನಾಗಲಿ ನೋಡದೆ ಮನುಷ್ಯನ ಕೈಯನ್ನೂ ಬುದ್ಧಿಯನ್ನೂ ನೋಡುವ ಯಜಮಾನನಿದ್ದರೆ, ಕೆಲಸಗಾರನಿಗೆ ಹೊಸದನ್ನು ಮಾಡಿ ನೋಡುವ ಧೈರ್ಯ ತಾನಾಗಿ ಬರುವುದು. ಮೊದಲ ಸಲ ಕೆಟ್ಟರೂ ಹೊಟ್ಟೆಗೆ ಕುತ್ತಿಲ್ಲವೆಂಬ ಭರವಸೆ ಅವನಿಗಿರುವುದು. ಕೂಡಲಸಂಗಮಕ್ಕೆ ಸಮೀಪವಿರುವ ನಮಗೆ ಇದು ಹೊಸ ಮಾತೇನಲ್ಲ. ಅಂಬಿಗ ಚೌಡಯ್ಯನೂ ಮಡಿವಾಳ ಮಾಚಯ್ಯನೂ ತಮ್ಮ ಕಾಯಕದ ಅನುಭವದಿಂದಲೇ ಮಾತನಾಡಿದವರಲ್ಲವೇ?

ಜಪಾನಿನ ಟೊಯೋಟಾ ಸಂಸ್ಥೆ 1951ರಲ್ಲಿ ಕಾರ್ಮಿಕರಿಂದ ಸಲಹೆ ಪಡೆಯುವ ಪದ್ಧತಿಯನ್ನು ಆರಂಭಿಸಿತು. ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಕಂಡುದನ್ನು ತಮ್ಮ ನೆಲಕ್ಕೆ ಒಗ್ಗಿಸಿಕೊಂಡರು. ಅದೇ ಸಂಸ್ಥೆ 1997ರಲ್ಲಿ ಕಿರ್ಲೋಸ್ಕರ ಮನೆತನದೊಡನೆ ಕೂಡಿ ಬಿಡದಿಗೆ ಬಂದಿತು. ಗೋಡೆಗೆ ಸಲಹಾಪೆಟ್ಟಿಗೆ ತೂಗುಹಾಕಿದ ಮಾತ್ರಕ್ಕೆ ಇದು ಸಾಧ್ಯವಾಗದು. ಬೀಗ ತುಕ್ಕು ಹಿಡಿದ ಅಂಥ ಪೆಟ್ಟಿಗೆಗಳನ್ನು ನಾವೂ ಕಂಡಿದ್ದೇವೆ. ಚೀಟಿ ಬರೆದವನಿಗೆ ಹೌದೆಂದೋ ಅಲ್ಲವೆಂದೋ ಕಾರಣಸಹಿತ ಉತ್ತರ ದೊರೆಯಬೇಕು.

ನಮಗೆ ಪರಿಚಿತನಾದ ಫಿಟ್ಟರನೊಬ್ಬ ಸಕ್ಕರೆ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಪ್ರತಿ ಹಂಗಾಮಿನಲ್ಲಿಯೂ ಕಬ್ಬು ಸಾಗಿಸುವ ಸರಪಳಿ ಒಂದೇ ಜಾಗದಲ್ಲಿ ಕಡಿಯುವುದನ್ನು ಕಂಡು, ಅದರ ಕಾರಣವನ್ನೂ ಊಹಿಸಿ, ಮೇಲಧಿಕಾರಿಯ ಬಳಿ ಹೋದನಂತೆ. "ನಿನ್ನ ಕೆಲಸ ನೀನು ನೋಡಿಕೋ" ಎಂಬ ಉತ್ತರ ಬಂದಿತು.

"ಈಗ ಏನು ಮಾಡುತ್ತೀಯಪ್ಪಾ?" ಎಂದು ಕೇಳಿದೆವು.

"ಕಡೀತೈತ್ರಿ ಅಜ್ಜಾರ, ಜೋಡಿಸ್ತೀನ್ರಿ" ಎಂದನು.