ಜೀಪಿನ ಮುಂಗಾಲಿಗೆ ಮೂರು ಕಾವಲು

ಕೊಡಗು, ಚಿಕ್ಕಮಗಳೂರು ಸೀಮೆಯ ಕಾಫಿತೋಟಗಳನ್ನು ಕಂಡ ಓದುಗರಿಗೆ ಜೀಪಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ವಾಹನದ ನಾಗರಿಕ ಅವತಾರವನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿತು. ಆ ವಂಶದ ಹಳೆಯ ಜೀಪನ್ನು ಹಿರಿಯರ ಆಸ್ತಿಯೆಂದು ಅಕ್ಕರೆಯಿಂದ ಉಳಿಸಿಕೊಂಡಿರುವ ಮನೆಗಳು ಇಂದಿಗೂ ಉಂಟು. ಅಂಥವರು ಮುಂದಿನ ಚಕ್ರದ ಒಳಮೈಯಲ್ಲಿ ಎಣ್ಣೆಯ ಕಲೆ ಕಂಡರೆ ಅಲಕ್ಷಿಸಬಾರದು.

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಒದಗುವ ಜೀಪಿನಲ್ಲಿ ಮುಂದಿನ ಚಕ್ರಕ್ಕೆ ಎರಡು ಕೆಲಸ: ಉರುಳಿ ಬಂಡಿಯನ್ನು ಎಳೆಯಬೇಕು, ಹೊರಳಿ ದಾರಿಯನ್ನೂ ಹಿಡಿಯಬೇಕು. ಇದಕ್ಕಾಗಿ ಆಕ್ಸಲಿನ ತುದಿಯಲ್ಲಿ ನುಣುಪಾದ ಟೊಳ್ಳು ಗೋಳವೊಂದಿದೆ. ಅದರೊಳಗೆ ಬಾಗಬಲ್ಲ ಕೀಲು. ಗೋಳದ ಮೇಲೆ ಬಟ್ಟಲಿನಂತೆ ಕವಿದ ನಕಲ್ ಎಂಬ ಭಾಗವು ಚಕ್ರದೊಡನೆ ಎಡಬಲಕ್ಕೆ ತಿರುಗುತ್ತದೆ.

ಇಲ್ಲಿ ಮೂರು ಸೀಲುಗಳು ಕಾವಲಿವೆ. ಮೊದಲನೆಯದು ಆಕ್ಸಲಿನ ಒಳಗಿದ್ದು ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ತಡೆಯುತ್ತದೆ. ಎರಡನೆಯದು ಗೋಳವನ್ನು ಬಳಸಿದ ಫೆಲ್ಟ್ ಬಳೆ. ಗ್ರೀಸು ಹೊರಹೋಗದಂತೆ, ಕೆಸರು ಒಳನುಗ್ಗದಂತೆ ಕಾಯುತ್ತದೆ. ಮೂರನೆಯದು ಹಬ್ಬಿನಲ್ಲಿದ್ದು ಬ್ರೇಕಿಗೆ ಜಿಡ್ಡು ತಾಗದಂತೆ ನೋಡಿಕೊಳ್ಳುತ್ತದೆ. ಮೊದಲನೆಯದು ಸೋತರೆ ಉಳಿದೆರಡರ ಮೇಲೆ ಭಾರ ಬೀಳುತ್ತದೆ. ಕೊನೆಯದೂ ಸೋತಾಗ ಒಂದು ಕಡೆಯ ಬ್ರೇಕು ಹಿಡಿಯದೆ, ಘಟ್ಟದ ಇಳಿಜಾರಿನಲ್ಲಿ ಬಂಡಿ ಮತ್ತೊಂದು ಕಡೆಗೆ ಎಳೆಯತೊಡಗುತ್ತದೆ. ಸಂಸಾರವನ್ನು ಕೂರಿಸಿಕೊಂಡು ಹೊರಟವನಿಗೆ ಇದು ಸಣ್ಣ ಮಾತಲ್ಲ.

ಆದುದರಿಂದ ರಿಪೇರಿಗೆ ಮುನ್ನ ಪರೀಕ್ಷೆ ಅಗತ್ಯ. ನಕಲಿಗೆ ಗ್ರೀಸು ತುಂಬಿದ ಜೀಪಿನಲ್ಲಿ ಗಟ್ಟಿಯಾದ ಗ್ರೀಸೇ ಒಸರಿದ್ದರೆ ಎರಡನೆಯ ಸೀಲು ಸವೆದಿದೆ. ಘಾಟು ವಾಸನೆಯ ಗಿಯರ್ ಎಣ್ಣೆ ಬಂದಿದ್ದರೆ ಒಳಗಿನ ಸೀಲು ಸೋತಿದೆ. ನೀರಿನಂತೆ ತೆಳ್ಳಗಿದ್ದರೆ ಅದು ಬ್ರೇಕಿನ ದ್ರವವಿರಬಹುದು; ಸೀಲುಗಳ ಮೇಲೆ ತಪ್ಪು ಹೊರಿಸಬೇಕಾಗಿಲ್ಲ.

ಫೆಲ್ಟ್ ಸೀಲನ್ನು ಮನೆಯಂಗಳದಲ್ಲಿಯೇ ಬದಲಾಯಿಸಬಹುದು. ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಜಾಕಿಯಿಂದ ಎತ್ತಿದ ಆಕ್ಸಲಿನ ಕೆಳಗೆ ಭದ್ರವಾದ ಸ್ಟ್ಯಾಂಡನ್ನು ಇರಿಸಿ, ಜಾಕಿಯೊಂದನ್ನೇ ನಂಬಬಾರದು. ಚಕ್ರವನ್ನು ತೆಗೆದು, ಸೀಲಿನ ಸುತ್ತಲ ಬೋಲ್ಟುಗಳನ್ನು ಬಿಚ್ಚಿ, ಹಳೆಯ ಸೀಲನ್ನು ಕಳಚಿ ಗೋಳವನ್ನು ಒರೆಸಿ. ತುಕ್ಕು, ಗೀರುಗಳಿದ್ದರೆ ಎಮರಿ ಬಟ್ಟೆಯಿಂದ ನಯಗೊಳಿಸಿ. ಒರಟು ಗೋಳದ ಮೇಲೆ ಹೊಸ ಫೆಲ್ಟ್ ಬಹುದಿನ ಬಾಳದು. ಇಡಿಯ ಬಳೆಯಾಗಿ ಬಂದ ಫೆಲ್ಟನ್ನು ಓರೆಯಾಗಿ ಕತ್ತರಿಸಿ, ಆ ಸೀಳು ಮೇಲಕ್ಕೆ ಬರುವಂತೆ ತೊಡಿಸಬೇಕು. ಬೋಲ್ಟುಗಳನ್ನು ಸಮನಾಗಿ ಬಿಗಿದು, ಗ್ರೀಸು ತುಂಬಿ, ನಕಲ್ ಎರಡೂ ಕಡೆಗೆ ಸರಾಗವಾಗಿ ತಿರುಗುವುದೇ ಎಂದು ನೋಡಿ.

ಒಳಗಿನ ಸೀಲಿನ ಕೆಲಸ ಇಷ್ಟು ಸುಲಭವಲ್ಲ. ಅದನ್ನು ಪಳಗಿದ ಮೆಕ್ಯಾನಿಕ್ಕಿಗೆ ಒಪ್ಪಿಸುವುದೇ ಲೇಸು. ಬ್ರೇಕಿನ ಲೈನಿಂಗು ಎಣ್ಣೆ ಕುಡಿದಿದ್ದರೆ ಎರಡು ಕಡೆಯದನ್ನೂ ಬದಲಾಯಿಸಬೇಕು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದುವುದು ಶ್ವಾಸಕೋಶಕ್ಕೆ ಅಪಾಯ.

ಸೀಲು ಸೋತದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಆಕ್ಸಲಿಗೆ ಬ್ರೀದರ್ ಎಂಬ ಪುಟ್ಟ ಗಾಳಿಕಿಂಡಿಯುಂಟು. ಅದು ಕೆಸರಿನಿಂದ ಕಟ್ಟಿದರೆ, ಓಡಾಟದಲ್ಲಿ ಕಾದು ಹಿಗ್ಗಿದ ಗಾಳಿ ಹೊರಹೋಗಲು ದಾರಿ ಕಾಣದೆ ಎಣ್ಣೆಯನ್ನು ಸೀಲಿನ ಮೂಲಕ ನೂಕುತ್ತದೆ. ಬೇರಿಂಗು ಸಡಿಲವಾದರೆ ಚಕ್ರ ಅಲುಗಾಡಿ ಸೀಲು ಒಂದೇ ಕಡೆ ಸವೆಯುತ್ತದೆ. ಇವೆರಡನ್ನೂ ಸರಿಪಡಿಸದೆ ಕೂರಿಸಿದ ಹೊಸ ಸೀಲು, ಮುಂದಿನ ಮಳೆಗಾಲದ ಹೊತ್ತಿಗೆ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.